ಎರಡು ಕೊಳವೆಗೂ ನನ್ನದೇ ಹೆಸರು

ನಾನು ಹೊಟ್ಟೆಕಿಚ್ಚಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುವವರು, ಪಾಪ, ಇವನಿಗೆ ಏನೋ ಕಷ್ಟ ಬಂದು ಹೀಗೆಲ್ಲ ಆಡಿದ ಎಂದು ಮರುಗಬಹುದು. ಕಷ್ಟ ಬರುವುದಕ್ಕೆ ಮುಂಚೆಯೂ ನಾನು ಹೀಗೆಯೇ ಇದ್ದೆ. ಮದುವೆಯಾಗಿ ನಂಜನಗೂಡಿನಲ್ಲಿ ಸಂಸಾರ ಹೂಡಿದ ಹೊಸತರಲ್ಲಿ, ಮೊಸರಿನವಳು ಬೀದಿಯಿಂದ ನನ್ನ ಹೆಂಡತಿಯ ಹೆಸರು ಹಿಡಿದು ಕೂಗಿದಳೆಂದು ಅವಳ ಹತ್ತಿರ ಮೊಸರು ಕೊಳ್ಳುವುದನ್ನೇ ಬಿಡಿಸಿದವನು ನಾನು. ಆ ಹೆಸರು ನಮ್ಮ ಮನೆಯ ಹೊಸಿಲು ದಾಟಬಾರದು ಎಂಬುದು ನನ್ನ ಕಾನೂನು. ಅವಳು ನಕ್ಕು, ‘ಮೊಸರಿನೋಳ್ ಮೇಲೂನಾ?’ ಎಂದು ಕೇಳಿದ್ದಳು. ನನಗೆ ನಗು ಬರಲಿಲ್ಲ.

ನಮ್ಮದು ತಾಂಡವಪುರದ ಪಕ್ಕದ ಹಳ್ಳಿ, ಉಳುವ ಮನೆತನ. ಅದರಲ್ಲಿ ನಾಲ್ಕಕ್ಷರ ಕಲಿತು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾದವನು ನಾನೊಬ್ಬನೇ. ಮಹಾರಾಜರ ಸರ್ಕಾರದ ನೌಕರಿ, ತಲೆಗೆ ರುಮಾಲು, ಮೈಗೆ ಮುಚ್ಚುಕೋಟು. ಊರಿಗೆ ಹೋದರೆ ನನಗಿಂತ ದೊಡ್ಡವರೂ ಜಗುಲಿಯಿಂದ ಏಳುತ್ತಿದ್ದರು. ಹೆಂಡತಿ ಟಿ. ನರಸೀಪುರದ ಕಡೆಯವಳು, ಸೋಮನಾಥಪುರಕ್ಕೆ ಹೋಗುವ ದಾರಿಯಲ್ಲಿ ಅವಳ ಹಳ್ಳಿ. ತಂದೆ ತೀರಿಕೊಂಡಿದ್ದರು, ತಾಯಿ ಒಬ್ಬರೇ ಇದ್ದರು. ಅವಳಿಗೆ ಓದುಬರಹ ಬಾರದು. ಆದರೆ ಅವಳು ಮಾತಾಡಿದರೆ ಎದುರಿಗಿದ್ದವರು ಕೆಲಸ ಬಿಟ್ಟು ಕೇಳುತ್ತಿದ್ದರು. ಅದೂ ನನಗೆ ಆಗುತ್ತಿರಲಿಲ್ಲ.

ಅವಳಿಗೆ ಒಬ್ಬ ಬಾವ ಇದ್ದ, ಸೋದರಮಾವನ ಮಗ. ನಮ್ಮ ಜನದಲ್ಲಿ ಹೆಣ್ಣು ದೊಡ್ಡದಾದರೆ ಮೊದಲು ಸೋದರಮಾವನ ಮನೆಯವರನ್ನು ಕೇಳಬೇಕು, ಅವರು ಬೇಡವೆಂದ ಮೇಲೆ ಹೊರಗಿನವರು. ಅವಳ ಮಾವನಿಗೂ ತಾಯಿಗೂ ಗದ್ದೆಯ ಬದುವಿನ ವಿಚಾರಕ್ಕೆ ಜಗಳವಾಗಿ ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಆ ಎರಡು ವರ್ಷದ ಸಂದಿನಲ್ಲಿ ನನ್ನ ಸಂಬಂಧ ಬಂದು ಕೂಡಿಕೊಂಡಿತು. ಮದುವೆಯಾದ ಮೇಲೆ ಅವರು ರಾಜಿಯಾದರು. ಬಾವ ಬೇರೆ ಹೆಣ್ಣು ತಂದುಕೊಂಡ. ಅತ್ತೆಯ ಗದ್ದೆಯನ್ನೂ ಅವನೇ ನೋಡಿಕೊಳ್ಳತೊಡಗಿದ. ಅಂದರೆ ಒಂದು ಬದು ನೆಟ್ಟಗಿದ್ದಿದ್ದರೆ ಅವಳು ಅವನ ಹೆಂಡತಿ. ಈ ಯೋಚನೆ ನನಗೆ ಊಟಕ್ಕೆ ಕೂತಾಗ ಬರುತ್ತಿತ್ತು, ಕಚೇರಿಯಲ್ಲಿ ಕಾಗದ ನಕಲು ಮಾಡುವಾಗ ಬರುತ್ತಿತ್ತು. ಆಳು ಎತ್ತರ, ಎದೆ ಅಗಲ, ಮೇಲಕ್ಕೆ ತಿರುವಿದ ಮೀಸೆ. ವರ್ಷಕ್ಕೆ ಎರಡು ಮೂರು ಸಲ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ, ಅತ್ತೆ ಕೊಟ್ಟ ಬೆಲ್ಲವನ್ನೋ ಹುಚ್ಚೆಳ್ಳನ್ನೋ ಇಳಿಸಿ, ‘ಸಂದಾಗಿದ್ದೀಯಾಮ್ಮಿ?’ ಎಂದು ಅವಳನ್ನು ಕೇಳುತ್ತಿದ್ದ. ‘ಊಂ ಬಾವ’ ಎನ್ನುತ್ತಿದ್ದಳು. ಅಷ್ಟೇ ಮಾತು. ಆ ಮೂರು ಮಾತನ್ನು ನಾನು ಮೂರು ತಿಂಗಳು ಅಗಿಯುತ್ತಿದ್ದೆ.

ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಲಿಲ್ಲ. ಒಂದು ಸಲ ನಿಂತು, ನಾಲ್ಕನೆಯ ತಿಂಗಳಿಗೆ ಹೋಯಿತು. ಅತ್ತೆ ಬಂದು ಮಗಳನ್ನು ಕಪಿಲೆಯಲ್ಲಿ ಮುಳುಗಿಸಿ, ದೇವಸ್ಥಾನದಲ್ಲಿ ಉರುಳುಸೇವೆ ಮಾಡಿಸಿ ಹೋದರು. ಅದಾದ ಮೇಲೂ ಏನೂ ಆಗದಿದ್ದಾಗ ನಾನು ಊರಿನ ಆಸ್ಪತ್ರೆಯ ಡಾಕ್ಟರಲ್ಲಿಗೆ ಹೋದೆ. ಮೈಸೂರಿನ ಕಡೆಯವರು, ವಯಸ್ಸಾದವರು, ಮುಲಾಜಿಲ್ಲದೆ ಮಾತಾಡುವವರು.

‘ಮದುವೆಗೆ ಮುಂಚೆ ನಿಮಗೇನಾದರೂ ಹುಣ್ಣು ಗಿಣ್ಣು ಆಗಿತ್ತೇನ್ರೀ, ಕೆಳಗೆ?’ ಎಂದು ಕೇಳಿದರು.

‘ಛೆ ಛೆ’ ಎಂದೆ. ಕಣ್ಣು ಕೂಡ ಮಿಟುಕಿಸಲಿಲ್ಲ.

‘ಇರಲಿ. ಈಗ ಬೆಂಗಳೂರಿನಲ್ಲಿ ರಕ್ತ ನೋಡಿ ಹೇಳ್ತಾರೆ, ಪರಂಗಿ ರೋಗ ಇದೆಯೋ ಇಲ್ಲವೋ ಅಂತ. ಇಬ್ಬರೂ ಕೊಡಿ.’

ಪರಂಗಿ ರೋಗ ಎಂದರೆ ಹೆಣ್ಣುಗಂಡಿನ ಸಹವಾಸದಿಂದ ಅಂಟುವ ಕೆಟ್ಟ ಕಾಯಿಲೆ ಎಂದು ನಮ್ಮೂರಿನ ದನ ಕಾಯುವವರಿಗೂ ಗೊತ್ತು. ನಾನು ತಲೆ ತಗ್ಗಿಸಿಕೊಂಡು ಬಂದು ಹೆಂಡತಿಗೆ ಬರೀ ‘ರಕ್ತ ನೋಡ್ತಾರಂತೆ’ ಎಂದಷ್ಟೇ ಹೇಳಿ ಮರುದಿನ ಕರೆದುಕೊಂಡು ಹೋದೆ.

ತಪ್ಪು ಆಗಿದ್ದು ಅಲ್ಲೇ. ಡಾಕ್ಟರು ನಮ್ಮಿಬ್ಬರ ತೋಳಿನಿಂದಲೂ ರಕ್ತ ತೆಗೆದು ಎರಡು ಗಾಜಿನ ಕೊಳವೆಗೆ ತುಂಬಿ, ಬಿರಡೆ ಹಾಕಿ, ಬೇರೆ ರೋಗಿಯನ್ನು ನೋಡಲು ಒಳಗೆ ಹೋದರು. ಅವಳ ತೋಳನ್ನು ಕಾಂಪೌಂಡರ್ ಹಿಡಿದುಕೊಂಡಿದ್ದಾಗಲೇ ನನಗೆ ಮೈ ಉರಿದಿತ್ತು. ಈಗ ಅವನು ಚೀಟಿಗೆ ಗೋಂದು ಹಚ್ಚುತ್ತಾ, ‘ಅಮ್ಮನವರ ಹೆಸರೇನು ಸ್ವಾಮಿ?’ ಎಂದ. ಆ ಹೆಸರನ್ನು ಇವನು ಬರೆಯುವುದು, ಅದನ್ನು ಟಪಾಲಿನವನು ನೋಡುವುದು, ಬೆಂಗಳೂರಿನಲ್ಲಿ ಯಾವನೋ ಬೆಳಕಿಗೆ ಹಿಡಿದು ಓದುವುದು! ‘ಕೊಡಿ ಇಲ್ಲಿ, ನಾನೇ ಬರೀತೀನಿ’ ಎಂದು ಚೀಟಿ ಕಿತ್ತುಕೊಂಡು, ನನ್ನ ದುಂಡು ಅಕ್ಷರದಲ್ಲಿ ಎರಡಕ್ಕೂ ನನ್ನ ಹೆಸರನ್ನೇ ಬರೆದೆ. ಅವಳದಕ್ಕೆ ಗುರುತಿಗೆಂದು ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟೆ. ಕಚೇರಿಯಲ್ಲಿ ಹೊಲ, ಮನೆ, ಬಾವಿ ಎಲ್ಲವನ್ನೂ ಯಜಮಾನನ ಹೆಸರಿಗೇ ಬರೆದು ಬರೆದು ಅಭ್ಯಾಸವಾದ ಕೈ. ಇದರಲ್ಲಿ ವಿಚಿತ್ರವೇನೂ ನನಗೆ ಕಾಣಲಿಲ್ಲ. ಗುಟ್ಟು ಕಾಪಾಡಿದೆನೆಂದು ಹೆಮ್ಮೆಯೇ ಆಯಿತು.

ಮೂರು ವಾರದ ಮೇಲೆ ಡಾಕ್ಟರು ಹೇಳಿಕಳಿಸಿದರು. ಹೋದರೆ ಮೇಜಿನ ಮೇಲೆ ಇಂಗ್ಲಿಷಿನ ಎರಡು ಚೀಟಿ ಹರಡಿಕೊಂಡು ಕೂತಿದ್ದರು.

‘ಏನ್ರೀ ಇದು? ಒಬ್ಬನೇ ಮನುಷ್ಯ. ರೋಗ ಇದೆ ಅಂತ ಒಂದು ಚೀಟಿ, ಇಲ್ಲ ಅಂತ ಒಂದು ಚೀಟಿ. ನಿಮ್ಮ ಮನೆಯವರದು ಎಲ್ಲಿ?’

ನಾನು ಚುಕ್ಕೆಯ ವಿಚಾರ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಬೆಂಗಳೂರಿನವರಿಗೆ ನಿಮ್ಮ ಚುಕ್ಕೆ ಏನು ಗೊತ್ತು? ಮಸಿ ಚೆಲ್ಲಿದೆ ಅಂದುಕೊಂಡಿರ್ತಾರೆ. ಈಗ ಯಾವುದು ಯಾರದು?’

‘ಇಲ್ಲ ಅನ್ನೋದು ನನ್ನದು ಸ್ವಾಮಿ.’

‘ಹೇಗೆ ಹೇಳ್ತೀರಿ?’

‘ನನ್ನ ಮೈ ನನಗೆ ಗೊತ್ತಿಲ್ಲವೇ?’

‘ಮತ್ತೆ ಬೆಂಗಳೂರಿಗೆ ಯಾಕೆ ಕಳಿಸಿದಿರಿ? ಸುಮ್ಮನೆ ನಿಮ್ಮನ್ನೇ ಕೇಳಿದ್ದರೆ ಆಗ್ತಿತ್ತಲ್ಲ. ನಾಳೆ ಇಬ್ಬರೂ ಬನ್ನಿ, ಇನ್ನೊಂದು ಸಲ ತೆಗೆಯೋಣ. ನಾನೇ ಹೆಸರು ಬರೀತೀನಿ.’

‘ಆಗಲಿ’ ಎಂದವನು ಮತ್ತೆ ಹೋಗಲಿಲ್ಲ. ಚೀಟಿ ಎರಡೂ ನನ್ನ ಹೆಸರಿಗೇ ಬಂದಿದ್ದರೂ ರೋಗವನ್ನು ನಾನು ಒಂದು ಕ್ಷಣವೂ ನನ್ನ ಬಳಿ ಇಟ್ಟುಕೊಳ್ಳಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಇಳಿಯುವ ಹೊತ್ತಿಗೆ ಅದು ಅವಳದಾಗಿತ್ತು, ಮನೆ ಮುಟ್ಟುವ ಹೊತ್ತಿಗೆ ಬಾವ ಕೊಟ್ಟದ್ದಾಗಿತ್ತು. ಅವನು ಬಂದ ದಿನಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿದೆ. ಒಂದು ಸಲ ನಾನು ಕಚೇರಿಯಿಂದ ಬರುವುದಕ್ಕೆ ಮುಂಚೆಯೇ ಬಂದು ಹೋಗಿದ್ದ. ಒಂದು ಸಲ ಅವಳು ತವರಿನಲ್ಲಿ ಹೇಳಿದ್ದಕ್ಕಿಂತ ನಾಲ್ಕು ದಿನ ಹೆಚ್ಚು ನಿಂತಿದ್ದಳು. ಇನ್ನೇನು ಸಾಕ್ಷಿ ಬೇಕು? ಆ ಮೀಸೆ ನನ್ನ ಕಣ್ಣಿನಿಂದ ಹೋಗಲೇ ಇಲ್ಲ.

ಅವಳು ಸೊಪ್ಪು ಸೋಸುತ್ತಿದ್ದಳು. ರುಮಾಲು ಕೂಡ ತೆಗೆಯದೆ ಹೇಳಿದೆ: ‘ನಿನ್ ರಕ್ತದಾಗೆ ಕೆಟ್ ರೋಗ ಐತಂತೆ. ಗಂಡಸಿನ್ ಸಾವಾಸದಿಂದ ಬರೋದು. ನನ್ಗಿಲ್ಲ. ಯಾರು ಕೊಟ್ಟದ್ದು ಏಳು.’ ಕಚೇರಿಯಲ್ಲಿ ನಾನು ಪುಸ್ತಕದ ಕನ್ನಡ ಆಡುತ್ತಿದ್ದೆ. ಸಿಟ್ಟು ಬಂದರೆ ಊರಿನ ಮಾತೇ ಬರುತ್ತಿತ್ತು.

ಅವಳು ಅಳಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು, ‘ನಂದು ಅಂತ ಬರ್ದದಾ ಅದ್ರಲ್ಲಿ?’ ಎಂದು ಕೇಳಿದಳು.

ಓದು ಬಾರದವಳು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಳು. ನಾನು ಕೂಗಾಡಿದೆ. ಬಾವನ ಹೆಸರೆತ್ತಿದೆ. ಅದನ್ನು ಕೇಳಿದ ಮೇಲೆ ಅವಳ ಮುಖ ಬದಲಾಯಿತು. ‘ಇನ್ ಮಾತು ಬ್ಯಾಡ. ನನ್ನ ಅವ್ವನ ಮನೆಗೆ ಬುಟ್ಬುಡಿ’ ಎಂದಳು. ಬಿಡುವುದೇನು, ಮರುದಿನ ಬೆಳಿಗ್ಗೆ ನರಸೀಪುರದ ಕಡೆ ಹೋಗುವ ಬಾಡಿಗೆ ಗಾಡಿ ಹತ್ತಿಸಿ ಕಳಿಸಿಯೇಬಿಟ್ಟೆ. ಗಾಡಿ ತಿರುವಿನಲ್ಲಿ ಮರೆಯಾಗುತ್ತಲೇ ಹೊಳೆಯಿತು: ಅವಳನ್ನು ನಾನು ಕಳಿಸುತ್ತಿರುವುದು ಅವನಿರುವ ಊರಿಗೇ!

ಆಮೇಲೆ ನನಗೆ ನಿದ್ದೆ ಊಟ ಎರಡೂ ಸೇರಲಿಲ್ಲ. ಹತ್ತು ದಿನ ತಡೆದೆ. ಹನ್ನೊಂದನೆಯ ದಿನ, ಊರಿನಲ್ಲಿ ಕೆಲಸವಿದೆ ಎಂದು ಅಮಲ್ದಾರರಿಂದ ರಜೆ ಪಡೆದು ನರಸೀಪುರಕ್ಕೆ ಹೋದೆ. ಅತ್ತೆಯ ಮನೆಗೆ ನೆಟ್ಟಗೆ ಹೋಗುವ ಮುಖ ಇರಲಿಲ್ಲ. ಅದು ಸಂತೆಯ ದಿನ, ಅವನ ಗಾಡಿ ಪೇಟೆಗೆ ಬಂದೇ ಬರುತ್ತದೆ ಎಂದು ರಸ್ತೆ ಪಕ್ಕದ ಹುಣಸೆಮರದ ಹಿಂದೆ ನಿಂತೆ. ಮುಚ್ಚುಕೋಟು, ರುಮಾಲು, ಕೈಯಲ್ಲಿ ಕೊಡೆ. ಹಾದುಹೋದವರೆಲ್ಲ, ಮರ ಹರಾಜು ಹಾಕಲು ಬಂದ ಸರ್ಕಾರದವನೆಂದುಕೊಂಡು, ‘ಯಾಕ್ ಸಾ, ಮರ ಅರಾಜಾ?’ ಎಂದು ಕೇಳಿಕೊಂಡು ಹೋದರು. ‘ಊಂ’ ಎಂದೆ.

ಗಾಡಿ ಬಂತು. ಮುಂದೆ ಅವನು ಕೂತು ಹೊಡೆಯುತ್ತಿದ್ದ. ಹಿಂದೆ ನನ್ನ ಹೆಂಡತಿ. ಅವಳ ಪಕ್ಕದಲ್ಲಿ ಅವನ ಹೆಂಡತಿ ಮಡಿಲಲ್ಲಿ ಕೂಸಿಟ್ಟುಕೊಂಡು ಕೂತಿದ್ದಳು; ಅದನ್ನು ಕಣ್ಣು ಕಂಡಿತೇ ಹೊರತು ಹೊಟ್ಟೆ ಒಪ್ಪಲಿಲ್ಲ. ಜನರ ಕಣ್ಣೊರೆಸಲು ತನ್ನ ಹೆಂಡತಿಯನ್ನೂ ಕರೆತಂದಿದ್ದಾನೆ ಎಂದುಕೊಂಡೆ. ಗಾಡಿಯ ಹಿಂದೆಯೇ ನಡೆದೆ. ಅದು ಸಂತೆಗೆ ಹೋಗಲಿಲ್ಲ, ನರಸೀಪುರದ ಆಸ್ಪತ್ರೆಯ ಮುಂದೆ ನಿಂತಿತು. ಬಾವ ಎತ್ತು ಬಿಚ್ಚಿ ದೂರದ ನೆರಳಿಗೆ ಹೊಡೆದುಕೊಂಡು ಹೋದ. ಹೆಂಗಸರಿಬ್ಬರೂ ಒಳಗೆ ಹೋದರು. ನಾನು ಕಿಟಕಿಯ ಪಕ್ಕಕ್ಕೆ ಹೋಗಿ ನಿಂತೆ.

ಒಳಗೆ ಅಲ್ಲಿನ ಡಾಕ್ಟರು, ‘ಹೆಸರೇನಮ್ಮಾ?’ ಎಂದದ್ದು ಕೇಳಿಸಿತು. ನನ್ನ ಹೆಂಡತಿ ಹೇಳಿದಳು. ‘ಏನು?’ ಎಂದರು. ಇನ್ನೊಂದು ಸಲ ಹೇಳಿದಳು, ಗಟ್ಟಿಯಾಗಿ. ಮೂರನೆಯ ಸಲ, ‘ಅಂಗೇ ಬರೀರಿ ಸಾ, ನನ್ನೆಸ್ರೇ ಬರೀರಿ, ಬ್ಯಾರೆ ಯಾರ್ದೂ ಬ್ಯಾಡ’ ಎಂದಳು. ನಾನು ಐದು ವರ್ಷ ಹೊಸಿಲೊಳಗೆ ಮುಚ್ಚಿಟ್ಟಿದ್ದ ಹೆಸರು ಆಸ್ಪತ್ರೆಯ ಅಂಗಳದವರೆಗೂ ಕೇಳಿತು. ಬಾವನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಉರಿ ಆ ಕ್ಷಣದಲ್ಲಿ ಆ ಡಾಕ್ಟರ ಮೇಲೆ ಬಂತು.

ಅವಳು ಹೊರಗೆ ಬಂದು ನನ್ನನ್ನು ನೋಡಿದಳು. ಬೆಚ್ಚಲಿಲ್ಲ. ‘ಬಂದ್ರಾ? ಊಟ ಆಯ್ತಾ?’ ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಹೋಗಿ ಗಾಡಿ ಹತ್ತಿದಳು. ಬಾವ ದೂರದಿಂದಲೇ ಕೈಮುಗಿದ. ನಾನು ಮುಗಿಯಲಿಲ್ಲ.

ತಿಂಗಳೊಪ್ಪತ್ತಿನ ಮೇಲೆ ಅವನೇ ನಂಜನಗೂಡಿನ ಕಚೇರಿಗೆ ಬಂದ. ಎಲ್ಲರೆದುರಿಗೆ ಸೊಂಟದಿಂದ ಮಡಚಿದ ಕಾಗದ ತೆಗೆದು, ‘ಅಮ್ಮಿ ಕೊಟ್ಟವ್ಳೆ. ನಿಮ್ ಕೈಗೇ ಕೊಡ್ಬೇಕು ಅಂದ್ಳು’ ಎಂದ. ಅದರಲ್ಲೇನಿದೆ ಎಂದು ಅವನು ಕೇಳಲೂ ಇಲ್ಲ, ಅವನಿಗೆ ಓದಲು ಬರುತ್ತಲೂ ಇರಲಿಲ್ಲ. ಒಂದು ಲೋಟ ನೀರು ಕುಡಿದು ಹೊರಟುಹೋದ. ಬಿಚ್ಚಿ ನೋಡಿದೆ. ಇಂಗ್ಲಿಷಿನ ಅಕ್ಷರದಲ್ಲಿ ನನ್ನ ಹೆಂಡತಿಯ ಹೆಸರು, ಸ್ಪಷ್ಟವಾಗಿ. ಕೆಳಗೆ, ರೋಗ ಇಲ್ಲ.

ಆ ಕಾಗದ ಹಿಡಿದುಕೊಂಡು ನಾನು ನಮ್ಮ ಡಾಕ್ಟರ ಹತ್ತಿರ ಓಡಿದೆ. ಕ್ಷಮೆ ಕೇಳುವುದಕ್ಕಲ್ಲ, ವಾದ ಮಾಡುವುದಕ್ಕೆ. ಬೆಂಗಳೂರಿನವರದು ತಪ್ಪಾಗಿರಬಹುದಲ್ಲವೇ ಎಂದು ಕೇಳಿದೆ.

‘ಆಗಬಹುದು. ಚಳಿಜ್ವರ, ಅಂದರೆ ಮಲೇರಿಯಾ, ಬಂದವರ ರಕ್ತ ಒಂದೊಂದು ಸಲ ರೋಗ ಇಲ್ಲದಿದ್ದರೂ ಇದೆ ಅಂತ ತೋರಿಸುತ್ತೆ. ನಾಲೆ ಕಡೆಯವರದು ಹೀಗೆ ಆಗಿದ್ದು ನಾನೇ ಕಂಡಿದೀನಿ’ ಎಂದರು.

‘ಹೋದ ವರ್ಷ ನನಗೆ ಚಳಿಜ್ವರ ಬಂದಿತ್ತು ಸ್ವಾಮಿ!’ ಎಂದುಬಿಟ್ಟೆ.

ಡಾಕ್ಟರು ನಕ್ಕರು. ‘ಹಾಗಾದರೆ ರೋಗ ಇದೆ ಅನ್ನೋ ಚೀಟಿ ನಿಮ್ಮದು ಅಂತ ಈಗ ಒಪ್ಪಿದಿರಿ.’

ನಾಲಿಗೆ ಕಚ್ಚಿಕೊಂಡೆ. ಚಳಿಜ್ವರ ಅವಳಿಗೂ ಬಂದಿತ್ತು, ನನಗಿಂತ ಹೆಚ್ಚು ಬಂದಿತ್ತು. ರೋಗ ಅವಳದು ಎಂದುಕೊಂಡಿದ್ದಾಗ ಅದು ನನ್ನ ನೆನಪಿಗೇ ಬಂದಿರಲಿಲ್ಲ. ತನಗೆ ಬೇಕಾದಾಗ ಮಾತ್ರ ನೆನಪಾಗುವ ಬುದ್ಧಿ ನನ್ನದು. ಅವತ್ತು ತೋಳು ಚಾಚಿದೆ. ತಿಂಗಳು ಬಿಟ್ಟು ಇನ್ನೊಂದು ಸಲ ಚಾಚಿದೆ. ಎರಡು ಸಲವೂ ಡಾಕ್ಟರೇ ಹೆಸರು ಬರೆದರು. ಎರಡು ಸಲವೂ ರೋಗ ಇದೆ ಎಂದೇ ಬಂತು. ಈ ಸಲ ಚೀಟಿಗಳು ಜಗಳವಾಡಲಿಲ್ಲ.

‘ಈಗ ಹೇಳಿ’ ಎಂದರು ಡಾಕ್ಟರು.

ಹೇಳಿದೆ. ಪರೀಕ್ಷೆಗೆ ಕಟ್ಟಲು ಮೈಸೂರಿನ ಛತ್ರದಲ್ಲಿದ್ದಾಗ ಜೊತೆಯವರು ಒಂದು ಗಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿನ ಒಬ್ಬ ಹೆಂಗಸಿನ ಹತ್ತಿರ ಎರಡು ಸಲ ಹೋದೆ. ಆಮೇಲೆ ಹುಣ್ಣಾಯಿತು. ಹಕೀಮನೊಬ್ಬ ಪಾದರಸದ ಪುಡಿ ಕೊಟ್ಟ, ಮಾಯವಾಯಿತು. ಉಷ್ಣ ಎಂದುಕೊಂಡೆ. ಮದುವೆಯ ಹೊತ್ತಿಗೆ ಮರೆತೂಬಿಟ್ಟೆ. ‘ನಿಮ್ಮ ಮನೆಯವರಿಗೆ ಅಂಟಿಲ್ಲ, ಅದು ಅವರ ಪುಣ್ಯ, ನಿಮ್ಮದಲ್ಲ’ ಎಂದು ಹೇಳಿ ಡಾಕ್ಟರು ವಾರಕ್ಕೊಂದು ಸೂಜಿ ಹಾಕಲು ಶುರುಮಾಡಿದರು. ಕೈ ಊದಿ, ಬಾಯಿ ಲೋಹ ಲೋಹ ರುಚಿಯಾಗಿ, ಕಚೇರಿಯಲ್ಲಿ ಲೇಖನಿ ಹಿಡಿಯಲಾಗದೆ ಕೂರುತ್ತಿದ್ದೆ.

ನಾಲ್ಕು ಸೂಜಿ ಆದ ಮೇಲೆ ಅತ್ತೆಯ ಮನೆಗೆ ಹೋದೆ. ಅವಳು ವಾಪಸು ಬರುತ್ತಾಳೋ ಇಲ್ಲವೋ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅತ್ತೆ ಒಳಗೆ ಅಡಿಗೆ ಮಾಡುತ್ತಿದ್ದರು. ಅವಳು ಹಿತ್ತಿಲಲ್ಲಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ, ಗಲ್ಲಿಯನ್ನೂ ಬಿಡಲಿಲ್ಲ. ಅವಳು ಕೈ ನಿಲ್ಲಿಸಲಿಲ್ಲ. ಮೊರ ಏಳುತ್ತಿತ್ತು, ಬೀಳುತ್ತಿತ್ತು, ಹೊಟ್ಟು ನನ್ನ ಕೋಟಿನ ಮೇಲೆ ಬಂದು ಕೂರುತ್ತಿತ್ತು. ಮುಗಿದ ಮೇಲೆ, ‘ತಪ್ಪಾಯ್ತು ಕಣಮ್ಮಿ. ನಮ್ಮನೆಗೆ ಬಾ’ ಎಂದೆ.

‘ನೀವು ನನ್ನ ಕೇಳೋದೆಲ್ಲಾ ಕೇಳ್ಬುಟ್ರಿ. ನಾನೊಂದ್ ಕೇಳ್ತೀನಿ. ಎಂಗಿದ್ಲು ಅವ್ಳು?’ ಎಂದಳು.

ನಾನು ನೆನಪಿಸಿಕೊಳ್ಳಲು ನೋಡಿದೆ. ನಿಜವಾಗಿಯೂ ನೋಡಿದೆ. ಗಲ್ಲಿಯ ಚರಂಡಿ ನೆನಪಾಯಿತು, ಜೊತೆಗೆ ಬಂದವನ ಕೆಮ್ಮು ನೆನಪಾಯಿತು. ಮುಖ ಬರಲೇ ಇಲ್ಲ. ‘ಗ್ಯಾಪ್ಕ ಇಲ್ಲ’ ಎಂದೆ.

‘ಕೆಂಪ್ಗಿದ್ಲಾ, ಕಪ್ಗಿದ್ಲಾ?’

‘ಗ್ಯಾಪ್ಕ ಇಲ್ಲ.’

‘ಎಸ್ರು?’

‘ಕೇಳ್ಲಿಲ್ಲ.’

ಆಗ ಅವಳ ಕೈ ನಿಂತಿತು. ಇಷ್ಟು ತಿಂಗಳಲ್ಲಿ ಮೊದಲ ಸಲ ಅವಳ ಕಣ್ಣಿನಲ್ಲಿ ನೀರು ಬಂತು. ‘ನಿಮ್ಗಾದ್ರೆ ವಟ್ಟೆ ಉರ್ಕೊಳ್ಳಾಕೆ ನಮ್ ಬಾವ ಸಿಕ್ದ. ಬೈಯಾಕೆ ಒಂದು ಮುಕ ಇತ್ತು. ನಾನು ಯಾರ್ ಮುಕ ನೆನ್ಸ್ಕೊಂಡು ಉರ್ಕೊಳ್ಳಿ, ಏಳಿ?’ ಎಂದಳು.

ಅವಳು ರಾಗಿಯನ್ನು ಮಡಕೆಗೆ ಸುರಿದುಕೊಂಡು ಒಳಗೆ ಹೋದಳು.

ಸೂಜಿಗಳೆಲ್ಲ ಮುಗಿದು, ಡಾಕ್ಟರು ಸಾಕು ಎಂದ ಮೇಲೆ ಅವಳು ನಂಜನಗೂಡಿಗೆ ವಾಪಸು ಬಂದಳು. ಬಾವನೇ ಕರೆತಂದು ಬಿಟ್ಟು ಹೋದ; ಅವನನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದೆ, ಬಡಿಸುವಾಗ ಅವನ ಎಲೆಯ ಕಡೆ ನೋಡದೆ ಇರುವುದನ್ನೂ ಕಲಿತೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ನಾನು ಊಟ ಮಾಡುವಾಗಲೋ ಕಾಗದ ಓದುವಾಗಲೋ ಕೆಲವು ಸಲ ತಲೆ ಎತ್ತಿದರೆ, ಅವಳು ಕೆಲಸ ಬಿಟ್ಟು ನನ್ನನ್ನೇ ನೋಡುತ್ತಾ ನಿಂತಿರುತ್ತಿದ್ದಳು. ಆ ಹೆಂಗಸಿನ ಮುಖವನ್ನು ನನ್ನ ಮುಖದಲ್ಲಿ ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಅವಳು ನೋಡಿ ಮುಗಿಸುವವರೆಗೆ ನಾನು ಹಾಗೇ ಕೂತಿರುತ್ತಿದ್ದೆ.